ಟೆಸ್ಟರಿಗೂ ಒಂದು ಪರೀಕ್ಷೆ

ಇಪ್ಪತ್ತೆರಡು ವರ್ಷ ಈ ಕೈ
ವೈರಿಂಗ್ ಪರ್ಮಿಟ್ಟುಗಳ ಮೇಲೆ ಸೀಲು ಒತ್ತಿದೆ.
ನೇರಳೆ ಶಾಯಿ ಉಗುರಿನ ಸಂದಿಗೆ ಇಳಿದು
ಅನ್ನ ಕಲಸುವಾಗಲೂ ಕಾಣುತ್ತದೆ.
ಫೋಟೋ ಇದೆಯೇ, ಚಲನ್ ಇದೆಯೇ,
ಅಂಕಪಟ್ಟಿಯ ನಕಲು ಇದೆಯೇ,
ಇದ್ದರೆ ಅವನು ಅರ್ಹ.
ಠಪ್.

ಹಾಗೆ ಅರ್ಹರಾದವರಲ್ಲಿ ಒಬ್ಬರು
ಮತ್ತಿಕೆರೆಯ ನಮ್ಮ ಮನೆಗೂ ವೈರಿಂಗ್ ಮಾಡಿದರು.
ಗಂಗಾಧರಾರಾಧ್ಯರು, ದರ್ಜೆ ಒಂದು,
ಮುತ್ತಿನಂಥ ಸಹಿ.
ಹೊಸಿಲು ದಾಟಿದ್ದು ಎರಡೇ ಸಲ,
ಒಮ್ಮೆ ಅಡ್ವಾನ್ಸಿಗೆ, ಒಮ್ಮೆ ಗೃಹಪ್ರವೇಶದ ಊಟಕ್ಕೆ.

ಆರನೇ ವರ್ಷ ಬಚ್ಚಲ ನಲ್ಲಿ ಮಾತಾಡತೊಡಗಿತು.
ಮುಟ್ಟಿದರೆ ಜುಮ್ಮ್.
ಅಂಗೈ ಮೇಲೆ ಇರುವೆ ಹರಿದ ಹಾಗೆ, ಅಂದರು ನಮ್ಮತ್ತೆ.
ಒಂದು ವಾರ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡಿದರು.
ಆರಾಧ್ಯರ ಫೋನು ಹಾಡಿತು, ಹಾಡಿತು, ನಿಂತಿತು.

ಬಂದವನು ಜಬೀವುಲ್ಲಾ,
ಗೋಕುಲದ ಮೋಟಾರ್ ರೀವೈಂಡಿಂಗ್ ಅಂಗಡಿಯವನು.
ಹೆಬ್ಬೆರಳ ತುದಿಯಲ್ಲಿ ಸುಟ್ಟ ಕಲೆ, ಹಳೆಯದು.
ಅಭ್ಯಾಸಬಲ, ಕೇಳಿಬಿಟ್ಟೆ: ಲೈಸೆನ್ಸ್ ಇದೆಯೇನಪ್ಪಾ?
"ಏಳನೇ ಕ್ಲಾಸು, ಮೇಡಂ. ಅದೂ ಪೂರ್ತಿ ಅಲ್ಲ."

ಬಚ್ಚಲಿನ ಸ್ವಿಚ್ಚನ್ನಷ್ಟೇ ಇಳಿಸಿ
ಹಾಲಿಗೆ ಬಂದು ಟೀವಿಯ ಸಾಕೆಟ್ಟಿಗೆ ಟೆಸ್ಟರ್ ಇಟ್ಟ. ಹೊತ್ತಿತು.
ಒಳಗೆ ಹೋಗಿ ಗೀಸರಿನ ವೈರಿಗಿಟ್ಟ. ಹೊತ್ತಲಿಲ್ಲ.
ಮತ್ತೆ ಹಾಲಿಗೆ ಬಂದ, ಅದೇ ಸಾಕೆಟ್ಟು. ಹೊತ್ತಿತು.
ಇದ್ಯಾಕಪ್ಪಾ ಎರಡೆರಡು ಸಲ?
"ಟೆಸ್ಟರೇ ಸತ್ತಿದ್ರೆ, ಮೇಡಂ,
ಎಲ್ಲಾ ವೈರೂ ಸತ್ತಂಗೇ ಕಾಣುತ್ತೆ."

ನಮ್ಮ ಪರೀಕ್ಷೆಯಲ್ಲಿ ಇದು ಹದಿನಾಲ್ಕನೇ ಪ್ರಶ್ನೆ.
ಎರಡು ಅಂಕ. ಎಲ್ಲರಿಗೂ ಎರಡಕ್ಕೆರಡು.
ಮಾಡುವವನನ್ನು ನಾನು ನೋಡಿದ್ದು ಅವತ್ತೇ.

ಪೆಟ್ಟಿಗೆ ಬಿಚ್ಚಿದಾಗ ಸಿಕ್ಕಿತು
ಹಸಿರು ತಂತಿ, ಉಂಡೆ ಸುತ್ತಿ, ತುದಿಗೆ ಟೇಪು,
ಗಾಯವಾದ ಕಿರುಬೆರಳಿನ ಹಾಗೆ.
ಭೂಮಿಗೆ ಹೋಗಬೇಕಾದದ್ದು
ಗೋಡೆಯಲ್ಲೇ ಮಲಗಿತ್ತು ಆರು ವರ್ಷ.
ವರದಿಯಲ್ಲಿ ಅದಕ್ಕೆ ಓಮುಗಳ ಲೆಕ್ಕವಿದೆ,
ದಶಮಾಂಶ ಸಮೇತ. ಹಿಂದೆ ಲಗತ್ತಿಸಿದ ಪರ್ಮಿಟ್ಟು,
ಅದರ ಮೂಲೆಯಲ್ಲಿ ಜೆರಾಕ್ಸಿಗೆ ಕಪ್ಪಾದ ಸೀಲು.
ನನ್ನದೇ.

ಹಾಗಂತ, ಓದದವನೇ ಕಸುಬುದಾರ ಎಂದು
ಡಂಗುರ ಹೊಡೆಯಲು ನನಗೆ ಬಾಯಿ ಬರುವುದಿಲ್ಲ.
ಕಾಮಾಕ್ಷಿಪಾಳ್ಯದ ಕಡತಕ್ಕೆ ದಬ್ಬಳ ಹಾಕಿ ದಾರ ಕಟ್ಟಿದವಳು ನಾನು:
ನೀರಿನ ಮೋಟಾರು, ಕಬ್ಬಿಣದ ಗ್ರಿಲ್ಲು,
ಒಣಗಲು ಹಾಕಿದ ಲಂಗ, ಒಂಬತ್ತು ವರ್ಷದ ಹುಡುಗಿ.
ವೈರಿಂಗ್ ಮಾಡಿದವರು: ಗೊತ್ತಿರುವ ಹುಡುಗ.
ಲೈಸೆನ್ಸ್ ಸಂಖ್ಯೆ: ಒಂದು ಅಡ್ಡಗೆರೆ.
ಪಕ್ಕದ ಕಡತದಲ್ಲಿ ಸಂಖ್ಯೆ ಇದೆ, ನವೀಕರಣವೂ ಆಗಿದೆ.
ದಪ್ಪ ಎರಡರದ್ದೂ ಒಂದೇ.
ಸಂಖ್ಯೆ ಇದ್ದರೆ ಯಾರ ಬಾಗಿಲು ಬಡಿಯಬೇಕೆಂದಾದರೂ
ಗೊತ್ತಿರುತ್ತದೆ.
ಬಡಿಯುವುದು ಮಾತ್ರ ಆಮೇಲೆ.

ಅರ್ಜಿ ಫಾರಂ ತಂದುಕೊಡಲಾ, ಅಂದೆ ಜಬೀವುಲ್ಲಾಗೆ.
"ಹತ್ತನೇ ಕ್ಲಾಸು ಯಾರು ಪಾಸ್ ಮಾಡ್ತಾರೆ, ನೀವಾ?"
ನಗುತ್ತಲೇ ಬೋರ್ಡಿನಲ್ಲಿ ಹೊಸ ಬ್ರೇಕರ್ ಕೂರಿಸಿದ,
ಎಸ್.ಪಿ. ರೋಡಿನ ಬಿಲ್ಲನ್ನು ಚಿಲ್ಲರೆ ಸಮೇತ ಕೈಗಿಟ್ಟ.
"ತಿಂಗಳಿಗೊಂದು ಸಲ ಈ ಗುಂಡಿ ಒತ್ತಿ.
ಬಿತ್ತು ಅಂದ್ರೆ ಬದುಕಿದೆ ಅಂತ ಲೆಕ್ಕ.
ಜಬೀ ಹಾಕಿದ್ದು ಅಂತ
ನಂಬ್ಕೊಂಡು ಕೂರಬೇಡಿ."

ಈಗ ಪ್ರತಿ ಒಂದನೇ ತಾರೀಖು, ರಾತ್ರಿ ಊಟವಾದ ಮೇಲೆ,
ಕುರ್ಚಿ ಎಳೆದು ಹತ್ತುತ್ತೇನೆ.
ಅದೇ ಹೆಬ್ಬೆರಳು, ಆಫೀಸಿನಷ್ಟೇ ಬಲ.
ಠಪ್.
ಫ್ಯಾನು ನಿಧಾನವಾಗುತ್ತದೆ, ಫ್ರಿಜ್ಜು ಉಸಿರು ಬಿಡುತ್ತದೆ,
ಎದುರುಮನೆಯ ಲೂರ್ದಮ್ಮ ಕಿಟಕಿಯಿಂದ ಕೂಗುತ್ತಾರೆ,
ಕರೆಂಟ್ ಹೋಯ್ತೇನ್ರೀ?
ಇಲ್ಲ ಕಣ್ರೀ, ನಾನೇ,
ಅನ್ನುತ್ತೇನೆ ಕತ್ತಲಿಂದ.